ಸುಸ್ಥಿತಿಯಲ್ಲಿದೆ

"ಸ್ವಲ್ಪ ಓರೆ ಮಾಡಿ... ಹಾಂ, ತಲೆ ಕಡೆಯಿಂದ ಮೊದಲು," ಎನ್ನುತ್ತ ನಾಲ್ವರು ಸ್ಮಶಾನದ ಬಳಿ ಹೆಣವನ್ನು ವ್ಯಾನಿನಿಂದ ಇಳಿಸಿದರು. ಮಗಳು ಪಕ್ಕಕ್ಕೆ ಸರಿದು ನಿಂತಳು. ತೀರಿಕೊಂಡ ಅಪ್ಪ ಮೂವತ್ತೊಂದು ವರ್ಷ ಲಿಫ್ಟ್ ಮೆಕ್ಯಾನಿಕ್; ಹೊತ್ತವರೆಲ್ಲ ಜೊತೆಗೆ ದುಡಿದವರು.

"ಆಗೆಲ್ಲ ಲಿಫ್ಟಿಗೊಬ್ಬ ಲಿಫ್ಟ್‌ಮ್ಯಾನ್ ಇರ್ತಿದ್ದ," ಎಂದ ಒಬ್ಬ. "ಈಗ ಬರೀ ಗುಂಡಿ. ಇನ್ಮುಂದೆ ಗುಂಡಿನೂ ಬೇಡವಂತೆ, ಬಾಯಲ್ಲಿ ಹೇಳಿದ್ರೆ ಸಾಕಂತೆ."

ಇನ್ನೊಬ್ಬ ಗೇಟಿನ ಕಡೆ ನೋಡಿದ. "ಅಗೋ, ಒಂಟಿಕಾಲಣ್ಣ ಬಂದ. ಹತ್ತೊಂಬತ್ತು ವರ್ಷ ಒಂದು ಭಾನುವಾರನೂ ತಪ್ಪಿಸ್ಲಿಲ್ಲ ನಮ್ಮ ಯಜಮಾನ. ಇವನನ್ನ ಮೂರು ಮಹಡಿ ಬೆನ್ನ ಮೇಲೆ ಹೊತ್ತು ಇಳಿಸ್ತಿದ್ದ. ಒಡಹುಟ್ಟಿದವರೂ ಮಾಡಲ್ಲ ಬಿಡು."

ಒಂದು ಭಾನುವಾರವೂ ಅಪ್ಪ ಮಗಳ ಪಾಲಿಗಿರಲಿಲ್ಲ. ಯಾಕೆಂದು ಗೊತ್ತಾದದ್ದು ಹೋದ ವಾರ, ಆಸ್ಪತ್ರೆಯಲ್ಲಿ ಅಪ್ಪನೇ ಬಾಯಿಬಿಟ್ಟಾಗ.

*

ಹತ್ತೊಂಬತ್ತು ವರ್ಷದ ಹಿಂದಿನ ಮಾತು. ಅದು ಏಳು ಮಹಡಿಯ ಬಟ್ಟೆ ಅಂಗಡಿ. ಲಿಫ್ಟಿನ ಬ್ರೇಕ್ ಸವೆದು ಹಾಳೆಯಂತಾಗಿತ್ತು.

"ನಿಲ್ಲಿಸ್ಬೇಕು ಸಾರ್," ಎಂದಿದ್ದ ಅಪ್ಪ.

"ಅಂಗಡಿ ತುಂಬ ಜನ ಇದ್ದಾರೆ, ನಿಲ್ಲಿಸ್ಬೇಕಂತೆ! ಮುಂದಿನ ತಿಂಗಳು ನೋಡೋಣ, ಈಗ ಸರಿ ಇದೆ ಅಂತ ಬರಿ," ಎಂದ ಮೇಲಧಿಕಾರಿ.

ಅಪ್ಪ ಪುಸ್ತಕದಲ್ಲಿ 'ಸುಸ್ಥಿತಿಯಲ್ಲಿದೆ' ಎಂದು ಬರೆದು ಸಹಿ ಹಾಕಿದ.

ಒಂಬತ್ತು ದಿನ ಕಳೆದಿತ್ತು. ಲಿಫ್ಟ್ ಕೆಳಗೆ ಬೀಳಲಿಲ್ಲ. ಒಳಗಿದ್ದವನು ಲಿಫ್ಟ್‌ಮ್ಯಾನ್ ಒಬ್ಬನೇ; ಹಗ್ಗದ ಇನ್ನೊಂದು ತುದಿಗೆ ಕಟ್ಟಿದ ಎದುರು ತೂಕದ ಕಬ್ಬಿಣ, ಅವನೂ ಲಿಫ್ಟೂ ಸೇರಿದ್ದಕ್ಕಿಂತ ಭಾರ. ಅವನು ಬಾಗಿಲು ಸರಿಸಿ ಒಂದು ಕಾಲು ಹೊರಗಿಟ್ಟಾಗ, ಬ್ರೇಕ್ ಹಿಡಿಯದೆ ಲಿಫ್ಟ್ ಮೇಲಕ್ಕೆ ನುಗ್ಗಿತು.

ವಿಚಾರಣೆಯಲ್ಲಿ ಅಪ್ಪನೇ ಸಾಕ್ಷಿ. "ನಿಲ್ಲೋಕೆ ಮುಂಚೆ ಬಾಗಿಲು ತೆಗೆದಿರ್ಬೇಕು ಸಾರ್," ಎಂದಿದ್ದ. ತಪ್ಪು ಲಿಫ್ಟ್‌ಮ್ಯಾನನ ತಲೆಗೆ ಬಂತು, ಕೆಲಸವೂ ಹೋಯಿತು. ಅದರ ಮುಂದಿನ ಭಾನುವಾರ ಅಪ್ಪ ಅವನ ಮನೆ ಬಾಗಿಲು ತಟ್ಟಿದ.

*

ಮಣ್ಣು ಮುಚ್ಚಿಯಾಗಿತ್ತು. ಒಂಟಿಕಾಲಿನವನು ಕಲ್ಲುಬೆಂಚಿನ ಮೇಲೆ ಕೂತಿದ್ದ. ಮಗಳು ಹತ್ತಿರ ಹೋದಳು. ಅಮ್ಮ ದೂರದಿಂದಲೇ ಬೇಡವೆಂದು ತಲೆಯಾಡಿಸಿದಳು.

"ಮಾಮ, ಬ್ರೇಕ್ ಸವೆದದ್ದು ಅಪ್ಪಂಗೆ ಗೊತ್ತಿತ್ತು. ಗೊತ್ತಿದ್ದೂ ಸಹಿ ಹಾಕಿದ್ರು."

"ಗೊತ್ತು."

"ಯಾವಾಗಿಂದ?"

"ಮೊದಲನೇ ಭಾನುವಾರದಿಂದ. ಬಾಗಿಲಲ್ಲಿ ನಿಂತ ಮುಖ ನೋಡಿದ್ರೇ ತಿಳೀತಿತ್ತು ಮಗಳೇ."

"ಮತ್ತೆ ಒಂದು ಮಾತು ಕೇಳ್ಬಾರ್ದಿತ್ತಾ? ಸಾಯೋವರೆಗೂ ಒಳಗೊಳಗೇ ಬೆಂದ್ರು."

"ಕೇಳಿದ್ರೆ ಕಾಲಿಗೆ ಬಿದ್ದು ಅಳ್ತಿದ್ದ. ಅತ್ತು ಹಗುರಾಗ್ತಿದ್ದ. ಆಮೇಲೆ ಒಂದೆರಡು ತಿಂಗಳು ಬಂದು ಬಿಟ್ಬಿಡ್ತಿದ್ದ." ಅವನು ಕೈಯಲ್ಲಂಟಿದ್ದ ಮಣ್ಣು ಕೊಡವಿದ. "ವಾರಕ್ಕೊಂದ್ಸಲ ಮೆಟ್ಟಿಲ ಮೇಲೆ ಅವನು ಏದುಸಿರು ಬಿಡೋದು ನನ್ನ ಎದೆಗೆ ತಾಗ್ತಿತ್ತು. ನನಗೂ ಏನಾದ್ರೂ ಬೇಕಿತ್ತಲ್ಲ."

"ನಿಮ್ಮನ್ನ ಸ್ನೇಹಿತ ಅಂದ್ಕೊಂಡಿದ್ರು."

"ಸ್ನೇಹಿತನೇ ಇದ್ದೆ. ಅದೂ ಸುಳ್ಳಲ್ಲ."

ಅವನು ಊರುಗೋಲು ಹಿಡಿದು ಎದ್ದ. ಅವನನ್ನು ಕರೆತಂದವರು ಆಗಲೇ ವ್ಯಾನಿನ ಬಳಿ ಹರಟುತ್ತಿದ್ದರು. ಗೇಟಿನಾಚೆ ಐದು ಮೆಟ್ಟಿಲು. ಮೊದಲ ಮೆಟ್ಟಿಲಿನ ಅಂಚಿಗೆ ಬಂದು ನಿಂತವನು, ಹಿಂದಿರುಗಿ ನೋಡದೆ, ಪ್ರತಿ ಭಾನುವಾರದಂತೆ ಎಡಗೈಯನ್ನು ಭುಜದೆತ್ತರಕ್ಕೆ ಪಕ್ಕಕ್ಕೆ ಚಾಚಿ ಕಾದ. ಅಲ್ಲಿ ಯಾರ ಹೆಗಲೂ ಇರಲಿಲ್ಲ. ಕೈ ಇಳಿಯಲಿಲ್ಲ, ಬೆರಳುಗಳು ಗಾಳಿಯಲ್ಲಿ ಒಮ್ಮೆ ಮುಚ್ಚಿ ತೆರೆದವು.