ತಾಳಕ್ಕೆ ಹೊಲಿದ ನಿಲುವಂಗಿ

ನನ್ನ ತಮ್ಮನಿಗೆ ಹಾಡಲು ಬರುತ್ತದೆ ಎಂದು ನಾನು ಯಾವತ್ತೂ ಹೇಳಿಲ್ಲ. ಕೂಗಲು ಬರುತ್ತದೆ, ಅದೂ ಊರಿಗೆಲ್ಲ ಕೇಳುವ ಹಾಗೆ. ಆದರೆ ಅವನ ವೇಷಗಳನ್ನೆಲ್ಲ ಹೊಲಿದವಳು ನಾನು. ಹಾಗಾಗಿ ಅವನ ಬ್ಯಾಂಡಿನ ಕಥೆ ಹೇಳುವ ಹಕ್ಕು ನನಗಿದೆ. ಬೇರೆಯವರು ಹೇಳಹೊರಟರೆ ನಾನು ಸುಮ್ಮನಿರುವವಳಲ್ಲ.

ಅವರು ನಾಲ್ವರು. ಹಾಡಿಗೆ ತಮ್ಮ, ಡ್ರಮ್ಮಿಗೆ ಬಸ್ ಡಿಪೋದ ಮೆಕ್ಯಾನಿಕ್, ಕೀಬೋರ್ಡಿಗೆ ಬೇಕರಿಯವನು, ಗಿಟಾರಿಗೆ ಲೆಕ್ಕದ ಮೇಷ್ಟ್ರು. ನನ್ನ ಟೈಲರ್ ಅಂಗಡಿಯ ಹಿಂದಿನ ಗೋದಾಮಿನಲ್ಲಿ ಅಭ್ಯಾಸ. ವೇಷ ತೊಟ್ಟು ನಾಟಕದ ಹಾಗೆ ಹಾಡುವ ಬ್ಯಾಂಡ್ ಅದು, ಹಾಡಿನ ನಡುವೆ ಒಬ್ಬ ಸಾಯುವುದು, ಇನ್ನೊಬ್ಬ ಗಡಿಯಾರವಾಗುವುದು, ಮೇಷ್ಟ್ರು ಗಿಟಾರ್ ಬಾರಿಸುತ್ತ ಬೀರುವಿನೊಳಗಿಂದ ಹೊರಬರುವುದು, ಇಂಥವೆಲ್ಲ ಇದ್ದವು. ಮೊದಲ ಪ್ರದರ್ಶನ ನೋಡಿದ ಅಮ್ಮ, ಇದು ನಾಟಕವಾದರೆ ಸದ್ದು ಜಾಸ್ತಿ, ಹಾಡಾದರೆ ಓಡಾಟ ಜಾಸ್ತಿ ಎಂದು ತೀರ್ಪು ಕೊಟ್ಟು ಮನೆಗೆ ಹೋಗಿದ್ದಳು.

ತೊಂದರೆ ಬೇರೆಯೇ ಇತ್ತು. ನಾನು ಮಾಡಿದ ಮುಖವಾಡಗಳು ಕಿವಿಯನ್ನೂ ಮುಚ್ಚುತ್ತಿದ್ದವು. ಒಬ್ಬರದು ಒಬ್ಬರಿಗೆ ಕೇಳದೆ, ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯುತ್ತಿತ್ತು. ತಾಳದ ಲೆಕ್ಕವಂತೂ ಲೆಕ್ಕದ ಮೇಷ್ಟ್ರಿಗೂ ಬರದು. ಕೊನೆಗೆ ತಮ್ಮನ ಉದ್ದ ನಿಲುವಂಗಿಗೆ ಬಲಗಡೆ ಕೆಂಪು ಲೈನಿಂಗ್, ಎಡಗಡೆ ಹಳದಿ ಕೊಟ್ಟೆ. ಬಲದ ಅಂಚನ್ನು ಹೆಗಲ ಮೇಲೆ ಮಗುಚಿದರೆ ಹಿಂದಿನವರಿಗೆ ಕೆಂಪು ಕಾಣಬೇಕು, ಆಗ ಎಲ್ಲರೂ ಜೋರು. ಹಳದಿ ಕಂಡರೆ ಮೆಲ್ಲಗೆ. ಎರಡೂ ಒಟ್ಟಿಗೆ ಕಂಡರೆ ಹಾಡು ಮುಗಿಯಿತು. ಅಲ್ಲಿಂದ ಬ್ಯಾಂಡ್ ಸರಿದಾರಿಗೆ ಬಂತು. ಹಾಲ್‌ಗಳು ತುಂಬಿದವು, ಕಾಲೇಜು ಹುಡುಗರು ಮುಖಕ್ಕೆ ಬಣ್ಣ ಬಳಿದುಕೊಂಡು ಬರತೊಡಗಿದರು.

ಆಗ ಬಂದರು ರೆಕಾರ್ಡ್ ಕಂಪನಿಯವರು. ಹಾಡು ಹಿಡಿಸಿದೆ, ವೇಷದ ಕಾಲ ಮುಗಿಯಿತು, ಒಂದು ಮಧ್ಯಾಹ್ನ ಸಾದಾ ಶರ್ಟಿನಲ್ಲಿ ಹಾಡಿ ತೋರಿಸಿ ಎಂದರು. ತಮ್ಮ ಅಂಗಡಿಗೆ ಬಂದು ಅಳತೆ ಟೇಪನ್ನು ಬೆರಳಿಗೆ ಸುತ್ತುತ್ತ ನಿಂತ.

“ಅಕ್ಕ, ಈ ಸಲ ನೀನು ಬರೋದು ಬೇಡ. ಹೊಲಿಗೆ ಕೆಲಸ ಏನೂ ಇಲ್ಲ.”

ಹೊಲಿಗೆ ಕೆಲಸವಂತೆ. ಕೈಯಲ್ಲಿ ಕತ್ತರಿ ಇರುವುದು ಒಳ್ಳೆಯದಲ್ಲವೆಂದು ಕೆಳಗಿಟ್ಟೆ. ಹತ್ತಿದ ಏಣಿ ಒದೆಯುವುದನ್ನು ಒಡಹುಟ್ಟಿದವನೇ ಕಲಿತಿದ್ದ. ಇಷ್ಟು ದಿನ ನನ್ನ ಲೆಕ್ಕದಲ್ಲಿ ಆ ಬ್ಯಾಂಡಿನಲ್ಲಿ ಐದು ಜನವಿದ್ದೆವು. ಅವನ ಲೆಕ್ಕದಲ್ಲಿ ನಾಲ್ಕೇ ಎಂದು ತಿಳಿದು ಬಹಳ ನೋವಾಯಿತು.

ಬಿಟ್ಟೇನೆಯೇ? ಆ ಮಧ್ಯಾಹ್ನ ಹಟಕ್ಕೆ ನಿಲುವಂಗಿಯನ್ನು ಚೀಲದಲ್ಲಿ ತುರುಕಿಕೊಂಡು ಹಾಲ್‌ಗೆ ಹೋಗಿ ಕೊನೆಯ ಸಾಲಿನಲ್ಲಿ ಕೂತೆ. ಮೊದಲ ಸಾಲಿನಲ್ಲಿ ಕಂಪನಿಯವರು.

ಮುಖವಾಡವಿಲ್ಲ, ಕಿವಿ ತೆರೆದೇ ಇತ್ತು. ಆದರೆ ಅಭ್ಯಾಸ ಬಿಡಬೇಕಲ್ಲ, ಹಿಂದಿನ ಮೂವರೂ ತಮ್ಮನ ಬೆನ್ನನ್ನೇ ನೋಡುತ್ತಿದ್ದರು. ತಮ್ಮ ಮುಖದ ಬೆವರನ್ನು ಬಲಹೆಗಲಿಗೆ ಒರೆಸಿದ. ಮೆಕ್ಯಾನಿಕ್ ಅದನ್ನೇ ಕೆಂಪು ಎಂದುಕೊಂಡು ಎಂಜಿನ್ ಬಡಿದಂತೆ ಬಡಿದ. ಎಡಹೆಗಲು ಕೆರೆದ. ಬೇಕರಿಯವನು ಪಿಸುಗುಟ್ಟುವಷ್ಟು ಮೆಲ್ಲಗಾದ. ಗಾಬರಿಯಾದ ತಮ್ಮ ಎರಡೂ ಕೈ ಎತ್ತಿದ, ಮೇಷ್ಟ್ರು ಹಾಡು ಮುಗಿಯಿತೆಂದು ಗಿಟಾರ್ ಕೆಳಗಿಟ್ಟು ನಮಸ್ಕಾರ ಮಾಡಿಬಿಟ್ಟರು.

ಹಾಗೇ ಆಗಬೇಕು ಎಂದು ಒಳಗೊಳಗೇ ಕುಣಿದೆ. ಆಮೇಲೆ ತಮ್ಮನ ಮುಖ ಕಂಡಿತು. ಬಣ್ಣವಿಲ್ಲದ ಬರೀ ಮುಖ, ತುಟಿ ನಡುಗುತ್ತಿತ್ತು. ಚೀಲದಿಂದ ನಿಲುವಂಗಿ ಎಳೆದೆ.

ಓಡಿಹೋಗಿ ವೇದಿಕೆ ಹತ್ತಿದೆ. ಅವನಿಗೆ ತೊಡಿಸಲು ಪುರಸೊತ್ತಿರಲಿಲ್ಲ, ನಿಲುವಂಗಿಯನ್ನು ನಾನೇ ಹೊದ್ದು ಅವನ ಪಕ್ಕ ನಿಂತೆ. ಅವನ ಎತ್ತರಕ್ಕೆ ಹೊಲಿದದ್ದು, ಕಾಲಿಗೆ ತೊಡರಿ ಒಮ್ಮೆ ಮುಗ್ಗರಿಸಿದೆ ಕೂಡ. ಮೇಷ್ಟ್ರು ಗಿಟಾರ್ ಮತ್ತೆ ಎತ್ತಿಕೊಂಡರು, ಹಾಡು ಮೊದಲಿಂದ ಶುರುವಾಯಿತು. ಕೆಂಪು ಮಗುಚಿದೆ, ಡ್ರಮ್ ಏರಿತು. ಹಳದಿ ತೋರಿಸಿದೆ, ಮೂವರೂ ತಗ್ಗಿದರು. ತಮ್ಮ ಕಣ್ಣುಮುಚ್ಚಿ ಕೂಗಿದ. ಇರಲಿ, ಹಾಡಿದ ಎಂದೇ ಇಟ್ಟುಕೊಳ್ಳಿ.

ಮುಗಿದಾಗ ಕಂಪನಿಯವರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ವೇಷ ಬೇಡ ಎಂದ ಮಾತು ಅವರಿಗೆ ನೆನಪೇ ಇದ್ದಂತಿರಲಿಲ್ಲ. ರೆಕಾರ್ಡಿನ ಕವರಿನ ಮೇಲೆ ಹಾಕಲು ಹೆಸರುಗಳು ಬೇಕೆಂದು ಒಬ್ಬೊಬ್ಬರದನ್ನೂ ಕೇಳುತ್ತ ಬಂದವರು ನನ್ನೆದುರು ನಿಂತು ತಮ್ಮನ ಕಡೆ ತಿರುಗಿದರು.

“ಇವರು ಏನು ನುಡಿಸ್ತಾರೆ?”

ನಾನು ದರ್ಜಿ ಎನ್ನುವಷ್ಟರಲ್ಲಿ ತಮ್ಮ ಬಾಯಿ ಹಾಕಿದ.

“ನಮ್ಮನ್ನ.”