ತಲೆದಿಂಬಿನ ಕಡೆ

ಅಳತೆ ಟೇಪು ಕೈತಪ್ಪಿ ಸರ್ರನೆ ತನ್ನ ಗೂಡಿಗೆ ಸುತ್ತಿಕೊಂಡಿತು. ಅದರ ಲೋಹದ ಅಂಚು ಆಲ್ಡನ್ ಪ್ರೂಯಿಟ್‌ನ ಹೆಬ್ಬೆರಳನ್ನು ಕೊಯ್ದಿತು. ಬೆರಳನ್ನು ಬಾಯಿಗಿಟ್ಟುಕೊಂಡು ಅವನು ನೆಲ ನೋಡಿದ. ಮೂರನೆಯ ಸಲವೂ ಗೆರೆ ಮಂಚದ ನಡುವಿಗೇ ಬಂದಿತ್ತು.

ಮಂಚ ಇನ್ನೂ ಅಲ್ಲಿರಲಿಲ್ಲ. ಮಾರಾಟಕ್ಕಿದ್ದ ಆ ಮನೆಯ ಮಹಡಿಯ ಕೋಣೆ ಖಾಲಿಯಾಗಿತ್ತು. ಕಿಟಕಿಯ ಮೂಲೆಯಿಂದ ಎದುರು ಗೋಡೆಯವರೆಗೆ ಅವನು ನೀಲಿ ಅಂಟುಪಟ್ಟಿಯನ್ನು ಓರೆಯಾಗಿ ಅಂಟಿಸಿದ್ದ. ಅದು ಎರಡು ಊರುಗಳ ಗಡಿ: ಪಟ್ಟಿಯ ಎಡಕ್ಕೆ ಡನ್‌ಬರಿ, ಬಲಕ್ಕೆ ಟಾಲ್ಕಟ್. ಒಂದು ಗೋಡೆಗೆ ಬಾಗಿಲು, ಒಂದಕ್ಕೆ ಬಿಸಿಗಾಳಿಯ ಗೂಡು, ಒಂದಕ್ಕೆ ಬಟ್ಟೆ ಇಡುವ ಗೋಡೆಕಪಾಟು. ಮಂಚಕ್ಕೆ ಉಳಿದದ್ದು ಒಂದೇ ಜಾಗ. ಎತ್ತ ತಿರುಗಿಸಿದರೂ ಮಲಗಿದ ಮಗುವಿನ ಸೊಂಟ ಗೆರೆಯ ಮೇಲೆ ಬೀಳುತ್ತಿತ್ತು.

"ರಕ್ತ ಬಂತಾ?" ಬಾಗಿಲಲ್ಲಿ ನಿಂತಿದ್ದ ಡೋರೀನ್ ಕ್ವಿನ್ಲನ್ ಕೇಳಿದಳು. ಆಕೆ ಮನೆ ತೋರಿಸುವ ದಲ್ಲಾಳಿ. ನೆಲ ಕೊಳೆಯಾಗದಂತೆ ಬೂಟಿನ ಮೇಲೆ ಕಾಗದದ ಚೀಲ ತೊಟ್ಟಿದ್ದಳು.

"ಇಲ್ಲ."

"ನೆಲಕ್ಕೆ ಬೀಳದಿದ್ರೆ ಸಾಕು. ಓಕ್ ಮರ ಅದು."

"ಡೋರೀನ್, ನೀವೇ ಹೇಳಿ. ನಿಮ್ಮ ಮಗುವಾಗಿದ್ರೆ ಯಾವ ಕಡೆ?"

"ಅಯ್ಯೋ, ಯಾವ ಶಾಲೆ ಒಳ್ಳೇದು ಅಂತ ದಲ್ಲಾಳಿ ಬಾಯಿ ಬಿಟ್ರೆ ನನ್ನ ಲೈಸೆನ್ಸ್ ಹೋಗುತ್ತೆ. ಚಾವಣಿ ಬಗ್ಗೆ ಕೇಳಿ, ಚರಂಡಿ ಬಗ್ಗೆ ಕೇಳಿ."

"ಚರಂಡಿ ಹೇಗಿದೆ?"

"ಅದು ಟಾಲ್ಕಟ್ ಕಡೆಗೆ ಹರಿಯುತ್ತೆ," ಎಂದು ಆಕೆ ನಕ್ಕಳು. "ಸಂಜೆ ಆರಕ್ಕೆ ಇನ್ನೊಬ್ಬರು ಬರ್ತಾರೆ ನೋಡೋಕೆ. ಅಷ್ಟರೊಳಗೆ ನೀವು ಹೂಂ ಅಂದ್ರೆ ಒಳ್ಳೇದು."

ಅವನ ಮಗಳು ಟೆಸ್ ಗೋಡೆಕಪಾಟಿನೊಳಗೆ ಕೂತಿದ್ದಳು. ಬಂದ ಕೂಡಲೇ ನೇರವಾಗಿ ಅಲ್ಲಿಗೇ ಹೋಗಿದ್ದಳು. ಒಂಬತ್ತು ವರ್ಷದ ಹುಡುಗಿ, ಮಾತಿಲ್ಲ. ಕೊರಳಿಗೆ ಪಟ್ಟಿ ಹಾಕಿ ತೂಗುಬಿಟ್ಟ ಮಾತಿನ ಹಲಗೆಯಲ್ಲಿ ಚಿತ್ರ ಒತ್ತಿದರೆ ಯಾವುದೋ ಅಪರಿಚಿತ ಮಗುವಿನ ದನಿ ಅವಳ ಪರವಾಗಿ ಹೇಳುತ್ತಿತ್ತು. ಈಗ ಒಳಗಿನಿಂದ ಆ ದನಿ, "ಬಾಗಿಲು," ಎಂದಿತು. ಸ್ವಲ್ಪ ಹೊತ್ತಾದ ಮೇಲೆ ಮತ್ತೆ, "ಬಾಗಿಲು."

"ತೆಗೆದೇ ಇದೆಯಲ್ಲ ಪುಟ್ಟಿ," ಎಂದ ಆಲ್ಡನ್, ತಲೆಯೆತ್ತದೆ.

ಈ ಸೀಮೆಯಲ್ಲಿ ಊರಿಗೊಂದು ಶಾಲಾ ಜಿಲ್ಲೆ. ಮನೆ ಎಲ್ಲಿದೆಯೋ ಅದೇ ಊರಿನ ಶಾಲೆ. ಟೆಸ್‌ಳಂಥ ಮಗುವಿಗೆ ಏನು ಕೊಡುತ್ತೀರಿ ಎಂದು ಕೇಳಿದರೆ, ಮೊದಲು ನಮ್ಮ ಊರಿನವರಾಗಿ, ಆಮೇಲೆ ಕೂತು ಮಾತಾಡೋಣ ಎನ್ನುತ್ತಾರೆ. ಮೊದಲು ಮನೆ ಕೊಳ್ಳಬೇಕು, ಆಮೇಲೆ ಉತ್ತರ. ಆದ್ದರಿಂದ ಎಲ್ಲರೂ ಪಿಸುಮಾತಿನ ಮೇಲೆ ಮನೆ ಕೊಳ್ಳುತ್ತಾರೆ. ಆಟದ ಮೈದಾನದ ಬೆಂಚು, ಡಾಕ್ಟರರ ಕಾಯುವ ಕೋಣೆ, ಈಜುಕೊಳದ ಅಂಚು, ಎಲ್ಲ ಕಡೆಯೂ ತಾಯಂದಿರು ದನಿ ತಗ್ಗಿಸಿ ಊರುಗಳ ಹೆಸರು ಹೇಳುತ್ತಾರೆ.

ಎರಡೂ ಊರಿನ ಶಾಲೆಗಳನ್ನು ಹೋಗಿ ನೋಡಿದ್ದಾಗಿತ್ತು. ಟಾಲ್ಕಟ್‌ನಲ್ಲಿ ಇಂಥ ಐದು ಮಕ್ಕಳಿಗೆ ಬೇರೆಯೇ ಕೋಣೆ, ಇಬ್ಬರು ಶಿಕ್ಷಕಿಯರು, ಸದ್ದು ನುಂಗುವ ಗೋಡೆ. ಬಾಗಿಲಿನ ಗಾಜಿಗೆ ಒಳಗಿನಿಂದ ಕಾಗದ ಅಂಟಿಸಿದ್ದರು. ಡನ್‌ಬರಿಯಲ್ಲಿ ಬೇರೆ ಕೋಣೆಯೇ ಇಲ್ಲ, ಎಲ್ಲರೂ ಒಟ್ಟಿಗೆ. ಅಲ್ಲಿ ಹಲ್ಲು ಬಿದ್ದ ಹುಡುಗಿಯೊಬ್ಬಳು ಟೆಸ್‌ಳ ಹೆಸರು ಕೇಳಿ ತಿಳಿದುಕೊಂಡು, ಅವರು ಹೊರಡುವವರೆಗೂ ಹಿಂದೆಯೇ ಬಂದು ಅದನ್ನು ಕೂಗುತ್ತಿದ್ದಳು.

"ಟಾಲ್ಕಟ್‌ನಲ್ಲಿ ಯಾರೂ ಕಿರುಚ್ತಿರ್ಲಿಲ್ಲ," ಎಂದಿದ್ದ ಆಲ್ಡನ್, ಕಾರಿನಲ್ಲಿ.

"ಯಾರೂ ನಗ್ತಾನೂ ಇರ್ಲಿಲ್ಲ," ಎಂದಿದ್ದಳು ಅವನ ಹೆಂಡತಿ ಮಾರ್ಗೊ.

ಅದು ಬೇಸಿಗೆ ರಜೆಗೆ ಮುಂಚಿನ ಮಾತು. ಆಮೇಲೆ ಆ ಎರಡು ಊರುಗಳ ಹೆಸರನ್ನು ಇಬ್ಬರೂ ಮನೆಯಲ್ಲಿ ಎತ್ತಲಿಲ್ಲ. ಹೆಸರೆತ್ತದೆ ಉಳಿದ ಮಾತೂ ಕಡಿಮೆಯಾಯಿತು. ಹಾಲು ತರಬೇಕು, ಟೈರಿನ ಗಾಳಿ ನೋಡಿಸಬೇಕು. ಅಷ್ಟೆ.

ಎರಡೂ ಊರುಗಳ ಗಡಿಯ ಮೇಲೆಯೇ ಕೂತ ಈ ಮನೆ ಕಣ್ಣಿಗೆ ಬಿದ್ದಾಗ ಆಲ್ಡನ್‌ಗೆ ತಾನೊಂದು ಸಮೀಕರಣ ಬಿಡಿಸಿದಂತೆ ಆಯಿತು. ಮೊದಲು ಕೊಳ್ಳುವುದು, ಆರಿಸುವುದು ಆಮೇಲೆ. ಶಾಲಾ ಕಚೇರಿಗೆ ಫೋನು ಮಾಡಿದ್ದ.

"ಮಗು ಎಲ್ಲಿ ಮಲಗುತ್ತೋ ಆ ಊರು ಸಾರ್," ಎಂದಿದ್ದಳು ಗುಮಾಸ್ತೆ.

"ಮಂಚ ಗೆರೆ ಮೇಲಿದ್ರೆ?"

ಆಚೆ ಕಾಗದ ತಿರುವುವ ಸದ್ದು. ಆಮೇಲೆ, "ತಲೆದಿಂಬು ಯಾವ ಕಡೆ ಇರುತ್ತೋ ಆ ಕಡೆ ಅಂತ ಇಟ್ಕೊಳ್ಳಿ." ಅವಳ ಹಿಂದೆ ಯಾರೋ ಕಿಸಕ್ಕೆಂದಿದ್ದರು. ಆಲ್ಡನ್ ನಗಲಿಲ್ಲ. ಅಳೆಯಬಹುದಾದ ಒಂದು ನಿಯಮ ಸಿಕ್ಕಿತ್ತು.

ಟೆಸ್‌ಳನ್ನು ಕಪಾಟಿನಲ್ಲೇ ಬಿಟ್ಟು ಅವನೂ ಡೋರೀನಳೂ ಕೆಳಗಿಳಿದಾಗ ಅಡುಗೆಮನೆಯಲ್ಲಿ ಮನೆಯ ಯಜಮಾನ ಹ್ಯಾಸ್ಕೆಲ್ ಕೂತಿದ್ದ. ಮನೆ ತೋರಿಸುವಾಗ ಮಾರುವವರು ಮನೆಯಲ್ಲಿ ಇರಬಾರದೆಂಬುದು ರೂಢಿ. ಡೋರೀನ್ ಆಗಲೇ ಎರಡು ಸಲ ಕಣ್ಣು ಬಿಟ್ಟಿದ್ದಳು.

"ನೀವು ಲೈಬ್ರರಿಗೆ ಹೋಗ್ತೀನಿ ಅಂದಿದ್ರಿ."

"ಹೋಗಿದ್ದೆ ಕಣಮ್ಮ. ಪುಸ್ತಕ ತುಂಬಾ ಇದ್ವು, ವಾಪಸ್ ಬಂದೆ." ಮುದುಕ ಸೇಬಿನ ರಸದ ಡೋನಟ್ ಇದ್ದ ಪೊಟ್ಟಣವನ್ನು ಆಲ್ಡನ್‌ನತ್ತ ತಳ್ಳಿದ. "ಅಳೆದಿದ್ದಾಯ್ತಾ? ಅಳೀರಿ, ಅಳೀರಿ. ಐದು ವರ್ಷಕ್ಕೊಮ್ಮೆ ಎರಡೂ ಊರಿನ ಹಿರಿಯರು ಗಡಿಯುದ್ದಕ್ಕೂ ನಡೆದು ನೋಡೋಕೆ ಬರ್ತಾರೆ. ಹಳೇ ಕಾನೂನು. ತೋಟದ ಗಡಿಕಲ್ಲಿಂದ ಮುಂದಿನ ಗಡಿಕಲ್ಲಿಗೆ ನಡೀಬೇಕು. ಮಧ್ಯೆ ನನ್ನ ಮನೆ. ಏನು ಮಾಡ್ತಾರೆ? ಮುಂಬಾಗಿಲಿಂದ ಬಂದು, ಇಲ್ಲಿ ಕಾಫಿ ಕುಡಿದು, ಹಿಂಬಾಗಿಲಿಂದ ಹೋಗ್ತಾರೆ. ಡನ್‌ಬರಿಯವರು ಆ ಕಡೆ ಕುರ್ಚಿ, ಟಾಲ್ಕಟ್‌ನವರು ಈ ಕಡೆ. ಬೈಗುಳ ಮಾತ್ರ ಮಧ್ಯದಲ್ಲಿ."

"ನಿಮ್ಮ ಮಕ್ಕಳು ಯಾವ ಕಡೆ ಓದಿದ್ದು?"

"ಹ್ಯಾಸ್ಕೆಲ್," ಎಂದಳು ಡೋರೀನ್. "ಶಾಲೆ ವಿಷಯ ಬೇಡ."

"ನನಗ್ಯಾವ ಲೈಸೆನ್ಸು ಇದೆ ಹೋಗೋಕೆ? ಮಗನ ಮಂಚ ಆ ಕೋಣೇಲಿ, ಅವನು ಡನ್‌ಬರಿ. ಮಗಳದು ಈ ಕೋಣೇಲಿ, ಟಾಲ್ಕಟ್. ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಬೆಳಿಗ್ಗೆ ಎರಡೂ ಊರಿಗೆ ಫುಟ್‌ಬಾಲ್ ಪಂದ್ಯ ಆಗುತ್ತಲ್ಲ, ಇವರಿಬ್ಬರೂ ಎದುರು ಬದುರು ಕೂತು ಕೂಗಾಡಿ, ಮನೆಗೆ ಬಂದು ಒಂದೇ ಟರ್ಕಿ ಕೋಳಿ ತಿನ್ನೋರು. ಮಾತಿಲ್ಲ ಕತೆಯಿಲ್ಲ. ಹೆಂಡತಿ ಇದ್ದಷ್ಟು ದಿನ ಹೆಂಗೋ ನಡೀತು."

"ಈಗ ಯಾಕೆ ಮಾರ್ತಿದ್ದೀರಿ?"

"ಮದುವೆ ಆಗ್ತಿದ್ದೀನಿ ಕಣಯ್ಯ. ಟಾಲ್ಕಟ್‌ನೋಳು. ಅರ್ಧ ಡನ್‌ಬರಿಯಲ್ಲಿರೋ ಮನೆಗೆ ಕಾಲಿಡಲ್ಲ ಅಂತಾಳೆ." ಮುದುಕ ಗಹಗಹಿಸಿ ನಕ್ಕ. ನಗು ನಿಂತ ಮೇಲೆ ಮಹಡಿಯತ್ತ ಗಲ್ಲ ಎತ್ತಿದ. "ಆ ಮಗೂಗೆ ಯಾವ ಕಡೆ ಇಷ್ಟ?"

"ಅವಳು ಮಾತಾಡಲ್ಲ."

"ಓ," ಎಂದ ಹ್ಯಾಸ್ಕೆಲ್. ಡೋನಟ್ ಮುರಿದ. ಆ ವಿಷಯ ಅಲ್ಲಿಗೆ ಮುಗಿಯಿತು.

ಡೋರೀನ್ ಮಹಡಿಯ ಮೆಟ್ಟಿಲ ಮೇಲೆ ಕೂತು ಟೆಸ್‌ಳತ್ತ ಕಣ್ಣಿಡುವುದಾಗಿ ಹೇಳಿದ್ದರಿಂದ ಆಲ್ಡನ್ ತೋಟಕ್ಕಿಳಿದ. ಅಕ್ಟೋಬರಿನ ಎಲೆಗಳು ಕಾಲಡಿ ಒದ್ದೆಯಾಗಿದ್ದವು. ಗಡಿಕಲ್ಲು ಮೊಣಕಾಲೆತ್ತರದ್ದು, ಒಂದು ಮುಖಕ್ಕೆ ಡಿ, ಇನ್ನೊಂದಕ್ಕೆ ಟಿ. ಕಳೆದ ಸಲ ನಡೆದವರು ಬಳಿದ ಬಿಳಿ ಬಣ್ಣದ ಇಸವಿ ಇನ್ನೂ ಅಳಿಸಿರಲಿಲ್ಲ. ಕಲ್ಲಿನ ಆಚೆಯ ಹುಲ್ಲಿಗೂ ಈಚೆಯ ಹುಲ್ಲಿಗೂ ವ್ಯತ್ಯಾಸ ಹುಡುಕಿದ. ಅವನು ನೀರು ಪರೀಕ್ಷೆಯ ಪ್ರಯೋಗಾಲಯದಲ್ಲಿ ಕೆಲಸ ಮಾಡುವವನು. ಒಂದು ವಸ್ತು ಯಂತ್ರಕ್ಕೆ ಕಾಣದಷ್ಟು ಕಡಿಮೆಯಿದ್ದರೆ ಶೂನ್ಯ ಎಂದು ಬರೆಯುವಂತಿಲ್ಲ; ಪತ್ತೆಯ ಮಿತಿಗಿಂತ ಕೆಳಗೆ ಎಂದು ಬರೆಯಬೇಕು. ಹೊಸಬರಿಗೆ ಅವನು ಮೊದಲ ದಿನ ಹೇಳಿಕೊಡುತ್ತಿದ್ದುದು ಅದನ್ನೇ.

ಮಾರ್ಗೊ ಫೋನು ಮಾಡಿದಳು. ಔಷಧದ ಅಂಗಡಿಯಲ್ಲಿ ಶನಿವಾರದ ಪಾಳಿ, ಊಟದ ಬಿಡುವು.

"ಹೇಗಿದೆ?"

"ಚೆನ್ನಾಗಿದೆ. ಚಾವಣಿ ಹೊಸದು. ಮಂಚಕ್ಕೆ ಒಂದೇ ಜಾಗ ಇರೋದು, ಗೆರೆ ಸರಿಯಾಗಿ ಮಧ್ಯಕ್ಕೆ ಬರುತ್ತೆ. ಹಾಗಾಗಿ ತಲೆದಿಂಬು ಎತ್ತ ಇಟ್ರೆ ಅತ್ತ. ಈಗಲೇ ಜಗಳ ಆಡ್ಬೇಕಾಗಿಲ್ಲ."

"ನಾವು ಜಗಳ ಆಡ್ತಿದ್ದೀವಾ?"

"ಅಲ್ಲ, ಆಡ್ಬೇಕಾಗಿಲ್ಲ ಅಂದೆ."

ಆಕೆ ಏನನ್ನೋ ಅಗಿಯುತ್ತಿದ್ದುದು ಕೇಳುತ್ತಿತ್ತು. ಅಗಿಯುವುದು ನಿಂತಿತು. "ಯಾವ ಮಂಚ, ಆಲ್ಡನ್?"

"ಟೆಸ್ ಮಂಚ."

"ಅವಳು ಮಂಚದ ಮೇಲೆ ಎಲ್ಲಿ ಮಲಗ್ತಾಳೆ?"

"ಮೊದಲು ಮಲಗ್ತಿರ್ಲಿಲ್ಲ. ವಸಂತದಿಂದ ಸರಿಹೋಯ್ತಲ್ಲ."

ಅಂಗಡಿಯಲ್ಲಿ ಯಾರೋ ಯಾರದೋ ಹೆಸರು ಕರೆದರು.

"ಸರಿಹೋಗಿಲ್ಲ. ದಿನಾ ಕೋಟು ನೇತುಹಾಕೋ ಕಪಾಟಲ್ಲೇ ಮಲಗ್ತಾಳೆ. ನೀನು ಏಳೋಕೆ ಮುಂಚೆ ನಾನು ಎತ್ತಿ ಮಂಚದ ಮೇಲೆ ಹಾಕ್ತೀನಿ."

"ಯಾಕೆ?"

"ಒಂದು ಬೆಳಿಗ್ಗೆ ಅವಳು ಮಂಚದ ಮೇಲಿದ್ಲು. ನಾನೇ ಹಾಕಿದ್ದೆ, ನಿನಗೆ ಹೇಳಿರ್ಲಿಲ್ಲ ಅಷ್ಟೆ. ನೀನು ಅದನ್ನ ನೋಡಿ ಶಿಳ್ಳೆ ಹಾಕ್ಕೊಂಡು ಕೆಲಸಕ್ಕೆ ಹೋದೆ. ಸರಿಹೋಯ್ತು ಅಂತ ಡಾಕ್ಟ್ರಿಗೂ ನೀನೇ ಹೇಳಿದೆ. ಆಮೇಲೆ ಹೆಂಗೆ ನಿಲ್ಸೋದು?"

"ನೀನು ನನಗೆ ಹೇಳ್ಬಹುದಿತ್ತು."

"ನೀನು ಒಂದು ಸಲ ಎದ್ದು ನೋಡ್ಬಹುದಿತ್ತು." ಆಮೇಲೆ, ಕೆಳದನಿಯಲ್ಲಿ, "ಜನ ಕಾಯ್ತಿದ್ದಾರೆ. ಇಡ್ತೀನಿ. ಹೂಂ ಅನ್ನೋದಾದ್ರೆ ಅನ್ನು. ನನಗೆ ಸುಸ್ತಾಗಿದೆ."

ಅವನು ಫೋನನ್ನು ಜೇಬಿಗಿಟ್ಟ. ಒಂದೇ ಚಾವಣಿಯ ಕೆಳಗೆ, ಎರಡು ಗೋಡೆಗಳ ಆಚೆ, ಪ್ರತಿ ಬೆಳಿಗ್ಗೆ ಒಬ್ಬ ಹೆಂಗಸು ಮಲಗಿದ ಮಗುವನ್ನು ಹೊತ್ತು ಕತ್ತಲಲ್ಲಿ ನಡೆದುಹೋಗುತ್ತಿದ್ದಳು. ಅವನ ಒಂದು ಶಿಳ್ಳೆಗಾಗಿ. ಅವನಿಗೆ ಸಿಟ್ಟು ಬರಬೇಕಿತ್ತು. ಬಂತೇ ಎಂದು ನೋಡಿಕೊಂಡ. ಏನೋ ಇತ್ತು, ಹೆಸರಿಡುವಷ್ಟು ಇರಲಿಲ್ಲ.

ಮಹಡಿಗೆ ಬಂದಾಗ ಡೋರೀನ್ ಮೆಟ್ಟಿಲಿನಿಂದ ಎದ್ದಳು. "ಒಂದು ಸದ್ದಿಲ್ಲ ನಿಮ್ಮ ಮಗಳದು. ಬಂಗಾರದಂಥ ಮಗು. ಏನು ತೀರ್ಮಾನ?"

"ಹತ್ತು ನಿಮಿಷ ಕೊಡಿ."

ಆಕೆ ಕೆಳಗಿಳಿದಳು. ಆಲ್ಡನ್ ಕೋಣೆಯೊಳಗೆ ಬಂದು, ಬೇರೇನೂ ತೋಚದೆ, ಮಂಚ ಬರಬೇಕಾದ ಜಾಗದಲ್ಲಿ ನೆಲದ ಮೇಲೆ ಮಲಗಿದ. ತಲೆ ಟಾಲ್ಕಟ್‌ನಲ್ಲಿ, ಕಾಲು ಡನ್‌ಬರಿಯಲ್ಲಿ. ಚಾವಣಿಯಲ್ಲಿ ಯಾವ ಗೆರೆಯೂ ಇರಲಿಲ್ಲ. ಎದ್ದು, ತಿರುಗಿ, ಮತ್ತೆ ಮಲಗಿದ. ಈಗ ತಲೆ ಡನ್‌ಬರಿಯಲ್ಲಿ. ಅದೇ ಚಾವಣಿ.

ಟೆಸ್ ಕಪಾಟಿನಿಂದ ಹೊರಬಂದಳು. ಅವನತ್ತ ನೋಡಲಿಲ್ಲ. ಕಿಟಕಿಯ ಮೂಲೆಯಲ್ಲಿ ಕುಕ್ಕರಗಾಲಿನಲ್ಲಿ ಕೂತು, ನೀಲಿ ಪಟ್ಟಿಯ ತುದಿಯನ್ನು ಉಗುರಿನಿಂದ ಎಬ್ಬಿಸಿ, ಮೆಲ್ಲಗೆ ಎಳೆಯತೊಡಗಿದಳು. ಪಟ್ಟಿ ನೆಲದಿಂದ ಚರಚರನೆ ಬಿಡಿಸಿಕೊಳ್ಳುವ ಸದ್ದಿಗೆ ಅವಳ ಹೆಗಲು ಸಡಿಲಾಯಿತು. ಎಳೆಯುತ್ತ ಎಳೆಯುತ್ತ ಅವನ ಸೊಂಟದವರೆಗೆ ಬಂದಳು. ಪಟ್ಟಿ ಅವನ ಅಡಿಯಲ್ಲಿತ್ತು. ಎಳೆದಳು. ಅವನು ಏಳಬಹುದಿತ್ತು. ಏಳುವಷ್ಟರಲ್ಲಿ ಪಟ್ಟಿ ಹರಿಯಿತು. ತನ್ನ ಪಾಲಿನ ಅರ್ಧವನ್ನು ಮುಂಗೈಗೆ ಸುತ್ತಿಕೊಂಡು ಅವಳು ಕಪಾಟಿಗೆ ಹಿಂದಿರುಗಿದಳು. ಈ ಸಲ ಬಾಗಿಲನ್ನು ತಾನೇ ಎಳೆದುಕೊಂಡಳು.

ಬಾಗಿಲು. ಮುಚ್ಚು ಎಂದೇ ಅವಳು ಬೆಳಗಿನಿಂದ ಕೇಳುತ್ತಿದ್ದುದು.

ತಿಂಗಳುಗಟ್ಟಲೆ ಗುಡಿಸದ ನೆಲ. ಪಟ್ಟಿ ಎದ್ದ ಕಡೆ ಧೂಳೂ ಎದ್ದುಹೋಗಿ, ಗೆರೆ ಮೊದಲಿಗಿಂತ ಸ್ಪಷ್ಟವಾಗಿ ಕಾಣುತ್ತಿತ್ತು. ಅದು ಓರೆಯಾಗಿ ಸಾಗಿ ಕಪಾಟಿರುವ ಗೋಡೆಯನ್ನೇ ಮುಟ್ಟುತ್ತಿತ್ತು. ಅಲ್ಲಿಂದ ಮುಂದೆ ಎಲ್ಲಿಗೆ ಎಂದು ಅವನು ನೋಡಿರಲಿಲ್ಲ. ಕಪಾಟಿನ ಒಳಗನ್ನು ಅಳೆಯಬೇಕೆಂದು ಅವನಿಗೆ ಹೊಳೆದಿರಲಿಲ್ಲ.

ಅವನು ಮೊಣಕಾಲ ಮೇಲೆ ಬಾಗಿಲವರೆಗೆ ಹೋದ. "ಟೆಸ್," ಎಂದ. ಒಳಗೆ ಪಟ್ಟಿ ಅಂಟುವ, ಬಿಡುವ ಸದ್ದು. ತೆರೆಯಲು ಮನಸ್ಸಾಗಲಿಲ್ಲ. ಅಳತೆ ಟೇಪಿನ ಲೋಹದ ನಾಲಿಗೆಯನ್ನು ಬಾಗಿಲ ಕೆಳಗಿನ ಸಂದಿಯಲ್ಲಿ ತೂರಿಸಿದ. ಅದು ತಡೆಯಿಲ್ಲದೆ ಒಳಗೆ ಹೋಯಿತು, ಇನ್ನೂ ಹೋಯಿತು, ನಿಂತಿತು. ಗೋಡೆ ಸಿಕ್ಕಿತೆಂದುಕೊಂಡು ಹಿಂದಕ್ಕೆಳೆದ. ಬರಲಿಲ್ಲ.

ಒಳಗೆ ತುದಿಯನ್ನು ಹಿಡಿದಿತ್ತು ಒಂದು ಕೈ. ಎಳೆಯುತ್ತಿರಲಿಲ್ಲ. ಬಿಡುತ್ತಲೂ ಇರಲಿಲ್ಲ.

"ಆಲ್ಡನ್!" ಕೆಳಗಿನಿಂದ ಡೋರೀನ್ ಕೂಗಿದಳು. "ಯಾವ ಕಡೆ ಆಯ್ತು?"

ಟೇಪಿನ ಸ್ಪ್ರಿಂಗು ಹೆಬ್ಬೆರಳ ಗಾಯವನ್ನು ಎಳೆಯುತ್ತಿತ್ತು. ಈಗ ಕೈ ಬಿಟ್ಟರೆ ಅದು ಸರ್ರನೆ ಸುತ್ತಿಕೊಂಡು ಒಳಗಿನ ಬೆರಳುಗಳನ್ನು ಕೊಯ್ಯುತ್ತದೆ. ಅವನು ಮೊಣಕಾಲೂರಿ, ಮುಚ್ಚಿದ ಬಾಗಿಲಿಗೆ ಹಣೆ ತಾಗಿಸಿ, ತನ್ನ ಕಡೆಯ ತುದಿಯನ್ನು ಹಿಡಿದುಕೊಂಡೇ ಇದ್ದ. ಬಾಗಿಲ ಸಂದಿಯಲ್ಲಿ ಯಾವ ಅಂಕಿ ನಿಂತಿದೆಯೆಂದು ಓದುವಷ್ಟು ಬೆಳಕು ಅಲ್ಲಿರಲಿಲ್ಲ.