ಮುಟ್ಟದ ಪುಸ್ತಕಗಳ ಪಟ್ಟಿ

ಇಪ್ಪತ್ತಾರು ವರ್ಷ ನಾನು ಬುರಿಂಡಾ ಊರಿನ ಲೈಬ್ರೇರಿಯನ್ ಆಗಿದ್ದೆ. ಒಂದು ಸೋಮವಾರ ಬೆಳಿಗ್ಗೆ ಕೆಲಸಕ್ಕೆ ಬಂದು ನೋಡಿದರೆ ‘ಅನುಭವ ಸಂಯೋಜಕಿ’ ಆಗಿಬಿಟ್ಟಿದ್ದೆ. ಬಾಗಿಲ ಮೇಲಿದ್ದ ಲೈಬ್ರರಿ ಎಂಬ ಹಳೇ ಬೋರ್ಡನ್ನು ಇಳಿಸಿ ‘ಬುರಿಂಡಾ ಸಂಗಮ’ ಎಂಬ ಹಸಿರು ಬೋರ್ಡು ಏರಿಸಿದ್ದರು. ಮರುದಿನ ಇಬ್ಬರು ಪ್ರವಾಸಿಗರು ಒಳಗೆ ಬಂದು ಎರಡು ಕಾಫಿ ಕೇಳಿದರು. ಅವರ ತಪ್ಪೇನಿಲ್ಲ.

ಕಾಲ ಬದಲಾಗಿದೆ, ನಾವೂ ಬದಲಾಗಬೇಕು ಎನ್ನುವುದು ವಲಯ ಕಚೇರಿಯ ಬ್ರೈಡೆನ್‌ನ ದಿನನಿತ್ಯದ ಮಂತ್ರ. ಅವನು ನನ್ನ ಮೇಲಧಿಕಾರಿ, ನನ್ನ ಮಗಳಿಗಿಂತ ಎರಡು ವರ್ಷ ಚಿಕ್ಕವನು. ಪುಸ್ತಕ ಎಂಬ ಮಾತು ನಾಲಿಗೆಗೆ ಬಂದರೆ ನುಂಗಿಕೊಂಡು ‘ಕಂಟೆಂಟ್’ ಎನ್ನುತ್ತಾನೆ. ನಾನೇನು ಬದಲಾವಣೆಗೆ ಅಡ್ಡ ಮಲಗಿದವಳಲ್ಲ. ಕೇಕ್ ಬೇಯಿಸುವ ತಟ್ಟೆಗಳನ್ನು ಎರವಲು ಕೊಡಿ ಎಂದರು, ಕೊಟ್ಟೆ. ಮೀನಿನ ಗಾಳ, ಗೋಡೆ ಕೊರೆಯುವ ಡ್ರಿಲ್, ನಾಲ್ಕು ಜನರ ಗುಡಾರ, ಎಲ್ಲಕ್ಕೂ ಬಾರ್‌ಕೋಡ್ ಅಂಟಿಸಿ ಕೊಟ್ಟೆ. ಡೈನೋಸಾರ್ ಆಕಾರದ ಕೇಕ್ ತಟ್ಟೆಗೆ ಈಗ ಒಂಬತ್ತು ಜನ ಸರದಿಯಲ್ಲಿದ್ದಾರೆ. ನನ್ನ ಇಪ್ಪತ್ತಾರು ವರ್ಷದಲ್ಲಿ ಯಾವ ಕಾದಂಬರಿಗೂ ಆ ಭಾಗ್ಯ ಬಂದಿಲ್ಲ.

ಸುಳ್ಳೇಕೆ ಹೇಳಲಿ, ಪುಸ್ತಕ ಬಿಟ್ಟು ಬೇರೆ ಕೆಲಸದಿಂದ ಹಿಂದೆಯೂ ಒಳ್ಳೆಯದಾಗಿದೆ. ನಾಲ್ಕು ವರ್ಷದ ಹಿಂದೆ ಕಾಡಿನ ಬೆಂಕಿ ಊರಿನ ಪಡುವಣ ಬದಿಯ ಮನೆಗಳನ್ನು ನುಂಗಿದಾಗ, ವಿಮೆಯ ಅರ್ಜಿ ತುಂಬಿಸಿದ್ದು, ಕಳೆದುಹೋದ ಗುರುತಿನ ಚೀಟಿಗಳನ್ನು ಮತ್ತೆ ತರಿಸಿದ್ದು ಎಲ್ಲಾ ನಮ್ಮ ಕಂಪ್ಯೂಟರಿನ ಮುಂದೆಯೇ. ಆಗ ಯಾರೂ ನನ್ನನ್ನು ಸಂಯೋಜಕಿ ಎನ್ನಲಿಲ್ಲ, ಡೆನೀಸ್ ಎಂದು ಕರೆದರು, ಸಾಕಾಗಿತ್ತು.

ಆ ಬೆಂಕಿಯಲ್ಲಿ ಮನೆ ಕಳೆದುಕೊಂಡವರಲ್ಲಿ ಮೆರ್ವ್ ಹಾಗ್ಬಿನ್ ಒಬ್ಬರು. ಎಂಬತ್ನಾಲ್ಕು ವರ್ಷ, ರೈಲು ಹಳಿ ರಿಪೇರಿ ಮಾಡಿ ನಿವೃತ್ತಿಯಾದವರು. ಬೆಂಕಿಯ ನಂತರ ಪ್ರತಿ ಮಂಗಳವಾರ ಹತ್ತು ಗಂಟೆಗೆ ಬರುತ್ತಿದ್ದರು. ಹ್ಯಾಟು ತೆಗೆದು, ಕಿಟಕಿ ಪಕ್ಕದ ಮೂಲೆಗೆ ಹೋಗಿ, ಒಂದು ಪುಸ್ತಕ ತೆಗೆದುಕೊಂಡು, ಬೆನ್ನು ನನ್ನ ಕಡೆ ಮಾಡಿ ಒಂದು ಗಂಟೆ ಕೂರುತ್ತಿದ್ದರು. ಆಮೇಲೆ ಪುಸ್ತಕವನ್ನು ಅಂಗಿಯ ತೋಳಿನಿಂದ ಒರೆಸಿ, ತೆಗೆದ ಜಾಗದಲ್ಲೇ ಇಟ್ಟು, ಹೋಗುತ್ತಿದ್ದರು. ನನಗೆ ತಡವಾಗಿ ತಿಳಿದದ್ದನ್ನು ನಿಮಗೆ ಈಗಲೇ ಹೇಳಿಬಿಡುತ್ತೇನೆ. ಅದು ಈಗಿಲ್ಲದ ಗಿಲ್ಸ್ ಗಲ್ಲಿ ಶಾಲೆಯ ಶತಮಾನೋತ್ಸವದ ಸಣ್ಣ ಪುಸ್ತಕ. ಅದರ ಮೂವತ್ತೊಂದನೇ ಪುಟದಲ್ಲಿ ಮಕ್ಕಳ ಒಂದು ಗುಂಪು ಚಿತ್ರವಿತ್ತು. ಎರಡನೇ ಸಾಲಿನಲ್ಲಿ ಬಿಸಿಲಿಗೆ ಕಣ್ಣು ಕಿರಿದು ಮಾಡಿ ನಿಂತವಳು ನೋಲಾ, ಒಂಬತ್ತು ವರ್ಷದವಳು. ಮುಂದೆ ಮೆರ್ವ್‌ರ ಹೆಂಡತಿಯಾದವಳು, ಹನ್ನೊಂದು ವರ್ಷದ ಹಿಂದೆ ತೀರಿಕೊಂಡವಳು. ಅವಳ ಮಿಕ್ಕ ಚಿತ್ರಗಳೆಲ್ಲ ಮನೆಯ ಜೊತೆ ಬೂದಿಯಾಗಿದ್ದವು.

ಅವರು ಏನು ಓದುತ್ತಾರೆಂದು ನಾನು ಒಂದು ದಿನವೂ ಕೇಳಲಿಲ್ಲ. ಕೇಳಬಾರದು ಎನ್ನುವುದು ನಮ್ಮ ಕಸುಬಿನ ಮೊದಲ ಪಾಠ. ಪಾದ್ರಿಯ ಹೆಂಡತಿ ವಿಚ್ಛೇದನದ ಕಾನೂನು ಓದುತ್ತಿದ್ದರೂ ನಾನು ಗೋಡೆ ಗಡಿಯಾರ ನೋಡುತ್ತೇನೆ. ಈ ಪಾಠವನ್ನು ನಾನು ಹೆಮ್ಮೆಯಿಂದ ಪಾಲಿಸಿಕೊಂಡು ಬಂದೆ. ಆದರೆ ಊಹಿಸಬಾರದು ಎಂದು ಯಾರೂ ಹೇಳಿರಲಿಲ್ಲ. ಆ ಮೂಲೆಯಲ್ಲಿ ಊರಿನ ಚರಿತ್ರೆಯ ಜೊತೆಗೆ ರೈಲಿನ ಪುಸ್ತಕಗಳಿದ್ದವು, ಮನುಷ್ಯ ರೈಲ್ವೆಯವರು, ಮತ್ತಿನ್ನೇನು ಓದಿಯಾರು ಎಂದುಕೊಂಡಿದ್ದೆ.

ಇನ್ನು ಪಟ್ಟಿಯ ವಿಷಯ. ಮೂರು ವರ್ಷದಿಂದ ಯಾರೂ ಮುಟ್ಟದ ಪುಸ್ತಕಗಳ ಹೆಸರನ್ನು ವಲಯ ಕಚೇರಿಯ ಕಂಪ್ಯೂಟರ್ ತಾನೇ ಹೆಕ್ಕಿ ಕಳಿಸುತ್ತದೆ. ಮನೆಗೆ ಒಯ್ದ ಪುಸ್ತಕ ಅದಕ್ಕೆ ಗೊತ್ತಾಗುತ್ತದೆ. ಇಲ್ಲೇ ಕೂತು ಓದಿದ್ದು ಗೊತ್ತಾಗಬೇಕಾದರೆ ಓದಿದವರು ಪುಸ್ತಕವನ್ನು ಮೇಜಿನ ಮೇಲೆ ಬಿಟ್ಟು ಹೋಗಬೇಕು, ನಾವು ಅದರ ಬಾರ್‌ಕೋಡಿಗೊಂದು ಬೀಪ್ ಮಾಡಿಸಿ ಕಪಾಟಿಗೆ ಸೇರಿಸಬೇಕು. ಬುರಿಂಡಾದ ಜನ ಬಿಡುತ್ತಾರೆಯೇ? ತೆಗೆದದ್ದನ್ನು ತೆಗೆದಲ್ಲೇ ಇಡು ಎಂದು ತಾಯಂದಿರ ಕೈಲಿ ಏಟು ತಿಂದು ಬೆಳೆದವರು. ‘ದಯವಿಟ್ಟು ಪುಸ್ತಕಗಳನ್ನು ಮೇಜಿನ ಮೇಲೇ ಬಿಡಿ’ ಎಂದು ಚೀಟಿ ಅಂಟಿಸಿದರೆ, ಅದು ಶಿಷ್ಟಾಚಾರ ಗೊತ್ತಿಲ್ಲದ ಪಟ್ಟಣದವರಿಗೆ ಬರೆದದ್ದು ಎಂದುಕೊಳ್ಳುತ್ತಾರೆ. ಹೀಗಾಗಿ ಕಂಪ್ಯೂಟರಿನ ಲೆಕ್ಕದಲ್ಲಿ ನಮ್ಮ ಊರಿನಲ್ಲಿ ಓದುವವರೇ ಇಲ್ಲ, ಬರೀ ಕೇಕ್ ಮಾಡುವವರು.

ಮಾರ್ಚ್ ತಿಂಗಳಲ್ಲಿ ಬ್ರೈಡೆನ್ ಖುದ್ದಾಗಿ ಬಂದ. ಕಿಟಕಿ ಪಕ್ಕದ ಮೂಲೆಯನ್ನು ಅಳತೆ ಟೇಪಿನಿಂದ ಅಳೆದ.

“ಇಲ್ಲಿ ಪ್ಲಾಸ್ಟಿಕ್ ಗೊಂಬೆ ಮುದ್ರಿಸೋ ಮೆಷಿನ್ ಬರುತ್ತೆ ಡೆನೀಸ್. ಮಕ್ಕಳು ಹುಚ್ಚೆದ್ದು ಬರ್ತಾರೆ.”

“ಪುಸ್ತಕಗಳು ಎಲ್ಲಿಗೆ ಹೋಗ್ತವೆ?”

“ನಾಲ್ಕು ವಾರ ಟೈಮ್ ಇದೆ. ಅಷ್ಟರಲ್ಲಿ ಯಾರಾದ್ರೂ ಮುಟ್ಟಿದ್ರೆ ಉಳಿಯುತ್ತೆ. ಇಲ್ದಿದ್ರೆ ಶುಕ್ರವಾರದ ರದ್ದಿ ವ್ಯಾನಿಗೆ. ನಿಮ್ಮ ಇಷ್ಟದ ಹತ್ತು ಉಳಿಸ್ಕೊಳ್ಳಿ, ಅದಕ್ಕೆ ಯಾರೂ ಪ್ರಶ್ನೆ ಕೇಳಲ್ಲ.”

“ಜನರಿಗೆ ಹೇಳ್ಲಾ?”

“ಬೇಡ ಬೇಡ. ಸುಮ್ನೆ ಗಾಬರಿ ಬೀಳ್ತಾರೆ. ಹೇಳಿ ಓದಿಸಿದ್ರೆ ಅದು ನಿಜವಾದ ಅಂಕಿ ಅಂಶ ಅಲ್ಲ ನೋಡಿ.”

ಬಾಯಿ ಜೋರು ಎಂದು ಊರಲ್ಲೆಲ್ಲ ಹೆಸರು ಮಾಡಿದ ನಾನು ಅಂದು ಬಾಯಿಗೆ ಬೀಗ ಹಾಕಿಕೊಂಡೆ. ಇಪ್ಪತ್ತಾರು ವರ್ಷದಲ್ಲಿ ಒಂದು ಸುಳ್ಳು ಬೀಪ್ ಮಾಡಿಲ್ಲ ಎಂಬ ದೊಡ್ಡಸ್ತಿಕೆ ಬೇರೆ ನನಗಿತ್ತು. ಆದರೂ ಮಂಗಳವಾರ ಮೆರ್ವ್ ಎದ್ದಾಗ ಮೇಜಿನ ಹತ್ತಿರ ಹೋದೆ, ಕಣ್ಣನ್ನು ಪುಸ್ತಕದ ಕಡೆ ಹಾಯಿಸದೆ, ಪಾಠ ಮರೆಯದೆ.

“ಮೆರ್ವ್, ಅದನ್ನ ಮೇಜಿನ ಮೇಲೇ ಬಿಡಿ. ನಾನು ಇಡ್ತೀನಿ.”

“ಯಾಕಮ್ಮ, ನನ್ ಕೈ ಇನ್ನೂ ಬಿದ್ದೋಗಿಲ್ಲ.”

“ಅದು ನನ್ನ ಕೆಲ್ಸ. ನನಗೆ ಸಂಬಳ ಕೊಡೋದೇ ಅದಕ್ಕೆ.”

“ನಿನಗೆ ಕೆಲ್ಸ ಕಮ್ಮಿ ಇದ್ಯಾ? ಬಂದಾಗಿಂದ ಆ ಕೇಕ್ ತಟ್ಟೆ ಉಜ್ಜೋ ಸದ್ದು ಕೇಳ್ತಿದ್ದೀನಿ.” ಪುಸ್ತಕವನ್ನು ಒರೆಸಿ ಕಪಾಟಿಗೆ ಸೇರಿಸಿಯೇ ಹೋದರು.

“ಹಾಗಾದ್ರೆ ಮನೆಗೆ ತಗೊಂಡು ಹೋಗಿ,” ಎಂದು ಮುಂದಿನ ವಾರ ಹೇಳಿ ನೋಡಿದೆ.

“ಅಯ್ಯೋ ಬೇಡಮ್ಮ. ನಾನೊಬ್ಬ ಮನೇಲಿ ಇಟ್ಕೊಂಡ್ರೆ, ಇನ್ಯಾರಾದ್ರೂ ಕೇಳ್ಕೊಂಡು ಬಂದ್ರೆ ಏನ್ ಮಾಡ್ತೀಯ?”

ಯಾರೂ ಬರಲ್ಲ, ನಾಲ್ಕೇ ವಾರ, ಇದು ಹೋಗಿಬಿಡುತ್ತೆ. ಈ ಮೂರು ಮಾತು ಹೇಳಿದ್ದರೆ ಕಥೆ ಅಲ್ಲಿಗೆ ಮುಗಿಯುತ್ತಿತ್ತು. ಹೇಳಲಿಲ್ಲ. ಅದರ ಬದಲು ಒಳಗೊಳಗೇ ಜಾಣತನ ಮಾಡಿದೆ. ನನ್ನ ಪಾಲಿನ ಹತ್ತು ಪುಸ್ತಕ ಆರಿಸುವಾಗ ಹತ್ತಕ್ಕೆ ಹತ್ತೂ ರೈಲಿನವೇ ಆರಿಸಿದೆ. ಉಗಿಬಂಡಿ, ಹಳಿಯ ಅಗಲ, ಸೇತುವೆ, ಸಿಗ್ನಲ್ ಕಂಬ. ಮುದುಕನಿಗೆ ಗೊತ್ತಾಗದ ಹಾಗೆ ಎಂಥ ಉಪಕಾರ ಮಾಡಿದೆ ಎಂದು ಆ ಸಂಜೆ ಒಂದು ಲೋಟ ವೈನ್ ಹೆಚ್ಚೇ ಕುಡಿದೆ.

ನಾಲ್ಕನೇ ವಾರ ಮುಗಿಯಿತು. ಗುರುವಾರ ಕೂತು ಇನ್ನೂರ ಹದಿನಾಲ್ಕು ಪುಸ್ತಕಗಳ ಮೊದಲ ಪುಟಕ್ಕೆ ‘ರದ್ದು’ ಎಂಬ ಮುದ್ರೆ ಒತ್ತಿದೆ. ಶಾಲೆಯ ಆ ಸಣ್ಣ ಪುಸ್ತಕ ನನಗೆ ನೆನಪಿದೆ. ರಟ್ಟು ಸವೆದಿದ್ದರೂ ಒಂದು ಚೂರು ಧೂಳಿರಲಿಲ್ಲ. ಮೂರು ವರ್ಷ ಯಾರೂ ಮುಟ್ಟದ ಪುಸ್ತಕ ಇಷ್ಟು ಶುಭ್ರವಾಗಿರುವುದು ಹೇಗೆ ಎಂದು ಲೈಬ್ರೇರಿಯನ್ ಆದವಳಿಗೆ ಹೊಳೆಯಬೇಕಿತ್ತು. ನಾನು ಆ ಹೊತ್ತಿಗೆ ಅನುಭವ ಸಂಯೋಜಕಿಯಾಗಿದ್ದೆನಲ್ಲ, ಮುದ್ರೆ ಒತ್ತಿ ಪೆಟ್ಟಿಗೆಗೆ ಹಾಕಿದೆ. ಶುಕ್ರವಾರ ವ್ಯಾನು ಬಂತು.

ಮಂಗಳವಾರ ಹತ್ತಕ್ಕೆ ಮೆರ್ವ್ ಬಂದರು. ಮೆಷಿನ್ ಇನ್ನೂ ಬಂದಿರಲಿಲ್ಲ, ಒಂದೇ ಒಂದು ಕಪಾಟಿನಲ್ಲಿ ನನ್ನ ಹತ್ತು ರೈಲುಗಳು ಸಾಲಾಗಿ ನಿಂತಿದ್ದವು. ಅವರು ಅದರ ಮುಂದೆ ಬಹಳ ಹೊತ್ತು ನಿಂತರು. ಸಂತೋಷ ಪಡುತ್ತಿದ್ದಾರೆ ಎಂದುಕೊಂಡೆ, ದೇವರಾಣೆ. ಆಮೇಲೆ ನನ್ನ ಮೇಜಿಗೆ ಬಂದರು, ಮುಖದಲ್ಲಿ ನಿಜಕ್ಕೂ ನಗು ಇತ್ತು.

“ಅಂತೂ ಯಾರೋ ತಗೊಂಡು ಹೋಗಿದ್ದಾರೆ ಕಣಮ್ಮ.”

“ಏನನ್ನ?”

“ನಾನು ನೋಡ್ತಿದ್ದ ಪುಸ್ತಕ. ಒಳ್ಳೇದಾಯ್ತು ಬಿಡು, ನಾಲ್ಕು ವರ್ಷ ನಾನೊಬ್ಬನೇ ಕೂತ್ಕೊಂಡು ಬಿಟ್ಟಿದ್ದೆ. ಅವ್ರಿಗೆ ಅವಸರ ಇಲ್ಲ ಅಂತ ಹೇಳು. ನಿಧಾನಕ್ಕೆ ತರ್ಲಿ.”

ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ ಕೇಳಬಾರದ್ದನ್ನು ಕೇಳಿದೆ. “ಮೆರ್ವ್, ಅದು ಯಾವ ಪುಸ್ತಕ?”

ಅವರು ಹೇಳಿದರು. ಪುಟದ ಸಂಖ್ಯೆ ಹೇಳಿದರು, ಎರಡನೇ ಸಾಲು ಎಂದರು, ಎಡದಿಂದ ಐದನೆಯವಳು ಎಂದರು. ಬಿಸಿಲಿಗೆ ಹೀಗೆ ನೋಡುತ್ತಿದ್ದಳು ಎಂದು ತಮ್ಮ ಕಣ್ಣನ್ನೂ ಕಿರಿದು ಮಾಡಿ ತೋರಿಸಿದರು. ನಾನು ತಲೆಯಾಡಿಸಿದೆ. ಅವರು ಹ್ಯಾಟು ಹಾಕಿಕೊಂಡು ಹೋದರು.

ಆ ವಾರ ನಾನು ಮಾಡದ ಕೆಲಸವಿಲ್ಲ. ವ್ಯಾನಿನವನಿಗೆ ಫೋನ್ ಮಾಡಿದೆ. ಸೋಮವಾರವೇ ಎಲ್ಲಾ ಕಾಗದದ ಗಿರಣಿಗೆ ಹೋಗಿ ರೊಚ್ಚೆಯಾಗಿದೆ ಎಂದ. ದೇಶದ ಎಲ್ಲಾ ಲೈಬ್ರರಿಗಳ ಪಟ್ಟಿ ಜಾಲಾಡಿದೆ. ಶಾಲೆಯ ಸಮಿತಿಯವರು ಎಲ್ಲಿಗೂ ಒಂದು ಪ್ರತಿ ಕಳಿಸುವ ಗೋಜಿಗೆ ಹೋಗಿರಲಿಲ್ಲ. ಊರಿನ ಹಳಬರ ಮನೆಗಳಿಗೆಲ್ಲ ಹೋದೆ. ಗಿಲ್ಸ್ ಗಲ್ಲಿಯವರ ಮನೆಗಳಿದ್ದದ್ದು ಬೆಂಕಿ ನುಂಗಿದ ಆ ಪಡುವಣ ಬದಿಯಲ್ಲಿ. ಬ್ರೈಡೆನ್‌ಗೆ ಹೇಳಿದಾಗ ಅವನು ಪಾಪ, ನಿಜಕ್ಕೂ ಮರುಗಿದ.

“ಛೆ, ಮೊದಲೇ ಗೊತ್ತಿದ್ರೆ ಸ್ಕ್ಯಾನ್ ಮಾಡ್ಬಹುದಿತ್ತು. ನೀವು ಅವರನ್ನ ಕೇಳ್ಬೇಕಿತ್ತು ಡೆನೀಸ್.”

ಅವನ ಬಾಯಿಂದ ನಾನು ಕೇಳಿದ ಮೊದಲ ಸರಿಯಾದ ಮಾತು ಅದು, ಅದೂ ನನ್ನ ಮೇಲೇ.

ಮುಂದಿನ ಮಂಗಳವಾರ ಮೆರ್ವ್ ಒಂದು ಚೀಲ ನಿಂಬೆಹಣ್ಣು ತಂದಿದ್ದರು. ಬೆಂಕಿಯಿಂದ ಉಳಿದ ಗಿಡದ್ದು.

“ಇನ್ನೂ ಬಂದಿಲ್ವಾ?”

“ಕೂತ್ಕೊಳ್ಳಿ ಮೆರ್ವ್.” ನಾನು ಮೇಜಿನ ಈಚೆಗೆ ಬಂದು ಅವರ ಎದುರು ಕೂತೆ. “ಅದನ್ನ ಯಾರೂ ತಗೊಂಡು ಹೋಗಿಲ್ಲ. ನಾನು ಎಸೆದೆ. ಯಾರೂ ಓದ್ತಿಲ್ಲ ಅಂತ ಕಂಪ್ಯೂಟರ್ ಹೇಳ್ತು, ನಾನು ಮುದ್ರೆ ಒತ್ತಿ ವ್ಯಾನಿಗೆ ಹಾಕ್ದೆ. ಹುಡುಕ್ದೆ, ಎಲ್ಲೂ ಸಿಗ್ಲಿಲ್ಲ. ಇನ್ನು ಸಿಗಲ್ಲ.”

ಬೈಯಲಿ ಎಂದು ಕಾದೆ. ಎದುರಿಗಿದ್ದ ಗಾಜಿನ ಹೂದಾನಿಯನ್ನಾದರೂ ಒಡೆಯಲಿ ಎಂದು ಬಯಸಿದೆ. ಅವರು ಹ್ಯಾಟಿನ ಅಂಚನ್ನು ಬೆರಳಿನಿಂದ ಒಂದು ಸುತ್ತು ಸವರಿದರು.

“ನಾನು ಸರಿಯಾದ ಜಾಗದಲ್ಲೇ ಇಡ್ತಿದ್ನಲ್ಲ ಕಣಮ್ಮ? ಈ ಕನ್ನಡಕದಲ್ಲಿ ಆ ಸಣ್ಣ ನಂಬರು ಸರಿಯಾಗಿ ಕಾಣಲ್ಲ. ತಪ್ಪು ಜಾಗಕ್ಕೆ ಸೇರ್ಸಿ ನಿನಗೆ ತೊಂದರೆ ಕೊಟ್ನೇನೋ ಅಂತ.”

“ಇಲ್ಲ,” ಎಂದೆ. “ಪ್ರತಿ ಸಲ ಸರಿಯಾದ ಜಾಗದಲ್ಲೇ ಇಟ್ಟಿದ್ರಿ.”

“ಹಾಗಿದ್ರೆ ಸರಿ.”

ಅವರು ಎದ್ದು ಕಿಟಕಿ ಪಕ್ಕ ತಮ್ಮ ಕುರ್ಚಿಗೆ ಹೋಗಿ, ಖಾಲಿ ಮೇಜಿನ ಮೇಲೆ ಎರಡೂ ಕೈ ಇಟ್ಟುಕೊಂಡು ಕೂತರು. ಹನ್ನೊಂದು ಗಂಟೆಗೆ ಎದ್ದು, “ಬರ್ತೀನಮ್ಮ,” ಎಂದು ಹೋದರು. ಆಮೇಲೆ ಯಾವ ಮಂಗಳವಾರವೂ ಅವರು ಬಂದಿಲ್ಲ.